ಬದಲಿಯವಳ ಕೈ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಗಾದೆ. ಕುಳ್ಳಿಯ ಮನೆಯಲ್ಲಿ ಅದು ಬರೀ ಗಾದೆಯಾಗಿ ಉಳಿಯಲಿಲ್ಲ. ಅಕ್ಕನಿಗೆ ಜ್ವರ ಬಂತು. ತಂಗಿಯ ಕೈ ಹೋಯಿತು.

ಕಥೆ ಹೇಳುವವರು ಎರಡೂ ಕಡೆ ನೋಡಿ ಹೇಳಬೇಕಂತೆ. ಎರಡೂ ಕಡೆ ನೋಡಿದವರು ದೊಡ್ಡ ಕೋರ್ಟಿನಲ್ಲಿ ಕೂತಿದ್ದರು, ಅವರು ಏನು ಮಾಡಿದರೆಂಬುದು ಮುಂದೆ ಬರುತ್ತದೆ. ನಾನು ಒಂದೇ ಕಡೆ ನಿಂತು ಹೇಳುತ್ತೇನೆ.

ಅದೊಂದು ದೊಡ್ಡ ಲಾಂಡ್ರಿ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳು ಅಲ್ಲಿಗೆ ಬರುತ್ತಿದ್ದವು. ರಕ್ತ, ಕೀವು, ವಾಂತಿ, ಹೆಸರಿಡಲಾಗದ್ದು, ಎಲ್ಲ ಮೆತ್ತಿಕೊಂಡು ಬರುತ್ತಿದ್ದವು. ಹೆಂಗಸರು ಅವನ್ನು ಬಿಡಿಸಿ, ತೊಟ್ಟಿಗೆ ಹಾಕಿ, ತೊಳೆದು, ಕೊನೆಗೆ ಇಸ್ತ್ರಿ ರೋಲರ್‌ಗೆ ಕೊಡುತ್ತಿದ್ದರು. ರೋಲರ್ ಅಂದರೆ ಒಬ್ಬ ಆಳು ಅಡ್ಡ ಮಲಗಿದರೂ ಜಾಗ ಮಿಗುವಷ್ಟು ಉದ್ದದ ಕಬ್ಬಿಣದ ಉರುಳೆಗಳು. ಒಳಗೆ ಉಗಿ ಹರಿಯುತ್ತಿರುತ್ತದೆ. ಇಬ್ಬರು ಹೆಂಗಸರು ಶೀಟಿನ ತಲಾ ಒಂದು ತುದಿ ಹಿಡಿದು, ಜಗ್ಗಿ ಸುಕ್ಕು ಬಿಡಿಸಿ, ಉರುಳೆಗಳ ನಡುವೆ ಇಟ್ಟು ಕೈ ಬಿಡಬೇಕು. ಸರಿಯಾದ ಹೊತ್ತಿಗೆ ಬಿಡಬೇಕು. ಇಡೀ ಕೆಲಸದ ಗುಟ್ಟು ಹಿಡಿಯುವುದರಲ್ಲಿಲ್ಲ, ಬಿಡುವುದರಲ್ಲಿದೆ.

ಉರುಳೆಯ ಬಾಯಿಗೆ ಒಂದು ಅಡ್ಡಪಟ್ಟಿ ಇತ್ತು. ಬೆರಳು ತಾಗಿದರೆ ಯಂತ್ರ ನಿಲ್ಲಲಿ ಅಂತ ಮಾಡಿದ್ದು. ಅದು ಬಟ್ಟೆಯ ಮುದ್ದೆ ತಾಗಿದರೂ ನಿಲ್ಲುತ್ತಿತ್ತು. ನಿಂತರೆ ಲೋಡು ಹಿಂದೆ ಬೀಳುತ್ತದೆ, ಧಣಿ ಮೇಸ್ತ್ರಿಯ ಮೇಲೆ ಕೂಗಾಡುತ್ತಾನೆ. ಮೇಸ್ತ್ರಿ ಹರಿದ ಬೆಡ್‌ಶೀಟಿನ ಒಂದು ಸೀಳು ತಂದು ಆ ಅಡ್ಡಪಟ್ಟಿಯನ್ನು ಮೇಲಕ್ಕೆತ್ತಿ ಕಟ್ಟಿಬಿಟ್ಟ. ಕಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಧಣಿಗೂ ಗೊತ್ತಿತ್ತು. ಯಾರೂ ಬಿಚ್ಚಲಿಲ್ಲ.

ಒಳಗೆ ಕೆಲಸ ಮಾಡಲು ಬಿಲ್ಲೆ ಬೇಕು. ತಗಡಿನ ಬಿಲ್ಲೆ, ಅದರ ಮೇಲೊಂದು ಸಂಖ್ಯೆ. ಒಂದು ದಿನ ಬರದಿದ್ದರೆ ಬಿಲ್ಲೆ ಹೋಯಿತು. ಗೇಟಿನ ಹೊರಗೆ ಕಾದಿರುವ ಇನ್ನೊಬ್ಬಳ ಪಾಲಾಯಿತು. ಹೆಂಗಸರಿಗೆ ಜ್ವರ ಬರುವುದಿಲ್ಲವೇ? ಹೆರಿಗೆಯಾಗುವುದಿಲ್ಲವೇ? ಆಗುತ್ತದೆ. ಹಾಗಾಗಿ ಅವರೇ ಒಂದು ದಾರಿ ಮಾಡಿಕೊಂಡಿದ್ದರು. ಬಿಲ್ಲೆಯವಳು ಮಲಗಿದರೆ ಮನೆಯಿಂದ ಇನ್ನೊಬ್ಬಳು ಅದೇ ಬಿಲ್ಲೆ ಸಿಕ್ಕಿಸಿಕೊಂಡು ಹೋಗುವುದು. ಸೊಸೆಯ ಬದಲು ಅತ್ತೆ, ಅಮ್ಮನ ಬದಲು ಮಗಳು. ಅವರಿಗೆ ಬದಲಿ ಅಂತಲೇ ಹೆಸರು. ಬದಲಿಗೆ ಹೋಗುವವಳಿಗೆ ಮೊದಲು ಕಲಿಸುವುದು ಕೆಲಸವನ್ನಲ್ಲ. "ಏನೇ ಆಗಲಿ, ಯಾರೇ ಕೇಳಲಿ, ಬಿಲ್ಲೆಯವಳ ಹೆಸರೇ ಹೇಳು. ನಿನ್ನ ಹೆಸರು ಬಾಯಿಗೆ ಬಂತೋ, ಅವಳ ಅನ್ನ ಹೋಯ್ತು" ಅಂತ ಕಲಿಸುತ್ತಿದ್ದರು. ಮೇಸ್ತ್ರಿಗೆ ಇದೆಲ್ಲ ಚೆನ್ನಾಗಿ ಗೊತ್ತು. "ನಂಗೆ ಬೇಕಾಗಿರೋದು ಎರಡು ಕೈ. ಮೂತಿ ಯಾರದ್ದಾದ್ರೆ ನಂಗೇನು?" ಅನ್ನುತ್ತಿದ್ದ.

ಅಕ್ಕನಿಗೆ ಜ್ವರ ಬಂದ ದಿನ ಕುಳ್ಳಿ ಬದಲಿಗೆ ಹೋದಳು. ಹೊಸದೇನಲ್ಲ, ಹಿಂದೆಯೂ ಎಷ್ಟೋ ಸಲ ಹೋಗಿದ್ದಳು. ಅಕ್ಕನದು ಗಳದಂಥ ಮೈ. ಇವಳನ್ನು ಕುಳ್ಳಿ ಅನ್ನುವುದು ಸುಮ್ಮನೆ ಅಲ್ಲ. ಅಕ್ಕ ನೆಲದ ಮೇಲೆ ನಿಂತು ಮಾಡುವ ಕೆಲಸಕ್ಕೆ ಇವಳು ಸೋಪಿನ ಪುಡಿಯ ಮರದ ಪೆಟ್ಟಿಗೆ ಮಗುಚಿ ಹಾಕಿ ಹತ್ತಿ ನಿಲ್ಲಬೇಕು. ನೆಲವೆಲ್ಲ ನೀರು, ಸೋಪು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಲೋಡು ಬಂತು. "ಬೇಗ ಬೇಗ" ಅಂತ ಮೇಸ್ತ್ರಿ ಹಿಂದಿನಿಂದ ಕೂಗಿದ. ಪೆಟ್ಟಿಗೆ ಜಾರಿತು. ಕುಳ್ಳಿ ಮುಂದಕ್ಕೆ ಬಿದ್ದಳು. ಬಿಡಬೇಕಾದ ಕೈ ಬಿಡಲಿಲ್ಲ.

ಶೀಟಿನ ಜೊತೆಗೆ ಕೈಯೂ ಹೋಯಿತು, ಮಣಿಕಟ್ಟಿನವರೆಗೆ.

ಮೇಸ್ತ್ರಿ ಓಡಿ ಬಂದು ಸ್ವಿಚ್ ಆರಿಸಿದ. ಕೈ ಬಿಡಿಸುವುದಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿದ. ಅಡ್ಡಪಟ್ಟಿಗೆ ಕಟ್ಟಿದ್ದ ಸೀಳನ್ನು ಬಿಚ್ಚಿ ಜೇಬಿಗೆ ತುರುಕಿಕೊಂಡ. ಕುಳ್ಳಿ ಕಿರುಚುತ್ತಲೇ ಅದನ್ನು ನೋಡಿದಳು. ಸುಡುವ ಮಾಂಸದ ವಾಸನೆಯ ನಡುವೆ ಒಬ್ಬ ಮನುಷ್ಯನಿಗೆ ಅಷ್ಟು ಬುದ್ಧಿ ಓಡಿತಲ್ಲ, ಅದನ್ನು ಅವಳು ಆಮೇಲೆ ಎಂದೂ ಮರೆಯಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಹೆಸರು ಕೇಳಿದಳು. ಕುಳ್ಳಿಗೆ ಅರ್ಧ ಎಚ್ಚರವಿತ್ತು. ಅಕ್ಕನ ಹೆಸರು ಹೇಳಿದಳು. ಕಣ್ಣು ಕತ್ತಲೆಗಟ್ಟುವಾಗಲೂ ಅಕ್ಕನ ಬಿಲ್ಲೆ ಉಳಿಯಲಿ ಅಂತಲೇ ಅವಳ ನಾಲಿಗೆ ಹೊರಳಿತು. ಹೊಟ್ಟೆ ತುಂಬಿದವರು ಈ ತಪ್ಪು ಮಾಡುವುದಿಲ್ಲ. ಮಾಡುವ ಅಗತ್ಯ ಅವರಿಗೆ ಬರುವುದಿಲ್ಲ. ಕುಳ್ಳಿಯ ಬಲಗೈಯನ್ನು ಅಕ್ಕನ ಹೆಸರಿನಲ್ಲಿ ಕತ್ತರಿಸಿ ತೆಗೆದರು.

ಧಣಿ ಹಣ್ಣು ಹಿಡಿದುಕೊಂಡು ನೋಡಲು ಬಂದ. ಮಂಚದ ಪಕ್ಕ ನಿಂತು ಧೈರ್ಯ ಹೇಳಿದ. "ನೀನೇನೂ ಹೆದರ್ಬೇಡಮ್ಮ. ಎರಡೆರಡು ಇನ್ಶೂರೆನ್ಸ್ ಮಾಡ್ಸಿದ್ದೀನಿ. ಕೆಲಸದವರಿಗೆ ಏನಾದ್ರೂ ಆದ್ರೆ ಒಂದು, ಹೊರಗಿನವರಿಗೆ ಆದ್ರೆ ಇನ್ನೊಂದು. ಕಂತು ಒಂದು ಸಲಾನೂ ತಪ್ಪಿಸಿಲ್ಲ. ಯಾವುದ್ರಲ್ಲಾದ್ರೂ ಬರುತ್ತೆ."

ಅವನು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಎರಡು ಪಾಲಿಸಿ ಇದ್ದವು. ಅವನ ಸ್ವಂತ ಹೆಸರಿನಲ್ಲಿ ಮಾತ್ರ ಒಂದು ಬಕೀಟೂ ಇರಲಿಲ್ಲ. ಕಟ್ಟಡ ಹೆಂಡತಿಯದು, ಯಂತ್ರಗಳು ಸಾಲ ಕೊಟ್ಟವರವು. ಇನ್ಶೂರೆನ್ಸ್ ಬಿಟ್ಟರೆ ಕುಳ್ಳಿಗೆ ಬೇರೆ ದಿಕ್ಕಿರಲಿಲ್ಲ.

ಇನ್ಶೂರೆನ್ಸ್ ಕಂಪನಿಯ ಆಫೀಸರ್ ಮನೆಗೆ ಬಂದ. ಮೆತ್ತಗಿನ ದನಿಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಚಾಪೆಯ ಮೇಲೆ ಕೂತ. ಅಕ್ಕ ನೀರಿನ ಲೋಟ ತಂದು ಕೊಟ್ಟಳು. ಅವನು ಹೆಸರು ಕೇಳಿದ, ಅಕ್ಕ ಹೇಳಿದಳು. ಆಫೀಸರ್ ಲೋಟ ಹಿಡಿದ ಅವಳ ಎರಡೂ ಕೈ ನೋಡಿದ.

"ಕೈ ಹೋಗಿರೋದು ನಿಮ್ಮದು ಅಂತ ಆಸ್ಪತ್ರೆಯವರು ಬರೆದಿದ್ದಾರೆ. ಎರಡೂ ಇದಾವಲ್ಲಮ್ಮ?"

ಮೂಲೆಯಲ್ಲಿ ಕೂತಿದ್ದ ಕುಳ್ಳಿ ಬ್ಯಾಂಡೇಜು ಸುತ್ತಿದ ತೋಳು ಎತ್ತಿ ತೋರಿಸಿದಳು. "ಕೈ ಹೋಗಿದ್ದು ನಂದು ಸಾರ್. ಹೆಸರು ಮಾತ್ರ ಅವಳದು."

ಆಫೀಸರ್ ತಲೆಯಾಡಿಸಿದ. ಪಾಪ ಅನ್ನುವ ಹಾಗೆ ಲೊಚಗುಟ್ಟಿದ. ಮುಂದಿನ ವಾರ ಕಂಪನಿಯಿಂದ ಉತ್ತರ ಬಂತು. ಈಕೆ ಧಣಿಯ ಬಿಲ್ಲೆಯವರ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಕೆಲಸದವಳಲ್ಲ. ಮೊದಲನೆಯ ಪಾಲಿಸಿ ಸಲ್ಲದು. ಈಕೆ ಯಂತ್ರದ ಮುಂದೆ ನಿಂತು ಕೆಲಸ ಮಾಡುತ್ತಿದ್ದಳು, ಆದ್ದರಿಂದ ಹೊರಗಿನವಳಲ್ಲ, ಎರಡನೆಯದೂ ಸಲ್ಲದು.

ಕುಳ್ಳಿಯ ಗಂಡ ಗಾರೆ ಕೆಲಸದವನು. ಅವನಿಗೆ ಇದನ್ನು ಓದಿ ಹೇಳಿದಾಗ ಅವನು ನಕ್ಕುಬಿಟ್ಟ. "ಒಳಗೂ ಇಲ್ಲ, ಹೊರಗೂ ಇಲ್ಲ. ಗೋಡೆ ಒಳಗೆ ಕೂತಿದ್ದಳೇನೋ ನನ್ನ ಹೆಂಡ್ತಿ!" ಅಂದ. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಬಡವರ ಕೇಸು ಹಿಡಿಯುವ ಒಬ್ಬ ವಕೀಲಮ್ಮ ಸಿಕ್ಕಳು. ಕೇಸು ಕೆಳಗಿನ ಕೋರ್ಟಿಗೆ ಹೋಯಿತು. ಕಂಪನಿಯ ವಕೀಲ ಅಕ್ಕನನ್ನು ಕಟಕಟೆಗೆ ಕರೆಸಿದ. ತಂಗಿ ಬಿಲ್ಲೆ ಕದ್ದುಕೊಂಡು ಹೋಗಿದ್ದಳು ಅಂತ ಹೇಳಿಬಿಡು, ನಿನ್ನ ಬಿಲ್ಲೆಗೆ ತೊಂದರೆ ಇಲ್ಲ ಅಂತ ಮೇಸ್ತ್ರಿ ಮೊದಲೇ ಕಿವಿಯಲ್ಲಿ ಊದಿದ್ದ. ಅಕ್ಕ ಕಂಬಿ ಹಿಡಿದು ನಿಂತಳು.

"ನಾನೇ ಕಳಿಸ್ದೆ ಸ್ವಾಮಿ. ಜ್ವರ ಇತ್ತು. ಅಲ್ಲಿ ಎಲ್ಲರೂ ಕಳಿಸ್ತಾರೆ. ಮೇಸ್ತ್ರಿಗೂ ಗೊತ್ತು, ಧಣಿಗೂ ಗೊತ್ತು. ಅವಳದೇನೂ ತಪ್ಪಿಲ್ಲ."

ಕೆಳಗಿನ ಕೋರ್ಟಿನ ಜಡ್ಜು ವಯಸ್ಸಾದ ಮನುಷ್ಯ. ಮೇಸ್ತ್ರಿಯನ್ನು ಒಂದೇ ಮಾತು ಕೇಳಿದರು. "ಅವತ್ತು ಆ ಬಟ್ಟೆಯ ತುದಿ ಹಿಡಿದಿದ್ದು ಯಾರು?" ಮೇಸ್ತ್ರಿ ನೆಲ ನೋಡಿದ. ಮನುಷ್ಯರು ಒಂದೋ ಒಳಗಿರುತ್ತಾರೆ, ಇಲ್ಲವೇ ಹೊರಗಿರುತ್ತಾರೆ. ಕಂಪನಿ ಎರಡಕ್ಕೂ ಕಂತು ತಿಂದಿದೆ, ಒಂದರಲ್ಲಾದರೂ ಕೊಡಬೇಕು ಅಂತ ಜಡ್ಜು ತೀರ್ಪು ಕೊಟ್ಟರು.

ಆ ಸಂಜೆ ಲಾಂಡ್ರಿ ಬಿಟ್ಟ ಮೇಲೆ ಹೆಂಗಸರೆಲ್ಲ ಕುಳ್ಳಿಯ ಒಂದೇ ಕೋಣೆಯ ಮನೆಗೆ ನುಗ್ಗಿದರು. ಕೂರಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತರು. ಸೋಪಜ್ಜಿ ಬಂದಳು. ಸೋಪು, ಬ್ಲೀಚಿನ ತೊಟ್ಟಿಯಲ್ಲಿ ಕೆಲಸ ಮಾಡಿ ಮಾಡಿ ಅವಳ ಬೆರಳ ತುದಿಗಳು ತಿಂದುಹೋಗಿದ್ದವು, ಉಗುರಿರಲಿಲ್ಲ. ಸೊಸೆಯ ಬದಲಿಯಾಗಿ ಹೋಗುತ್ತ ಮುದುಕಿಯಾದವಳು ಅವಳು. ಆ ಬೆರಳುಗಳನ್ನು ಕುಳ್ಳಿಯ ಕೆನ್ನೆಗೆ ಒತ್ತಿದಳು. "ನಿಂದಾದ್ಮೇಲೆ ನಂದು ಕಣೇ. ನಾನೂ ಹಾಕ್ತೀನಿ ಕೇಸು." ಇನ್ನೊಬ್ಬಳು ಸೆರಗು ಸರಿಸಿ ಹೆಗಲ ಮೇಲಿನ ಸುಟ್ಟ ಗುರುತು ತೋರಿಸಿದಳು. ಮತ್ತೊಬ್ಬಳು ಮಗಳ ಕಾಲಿನ ಮಾತೆತ್ತಿದಳು. ತಮ್ಮ ತಮ್ಮ ಗಾಯಗಳನ್ನು ಅಷ್ಟು ಸಡಗರದಿಂದ ತೋರಿಸಿಕೊಂಡ ಜನರನ್ನು ಕುಳ್ಳಿ ಹಿಂದೆ ನೋಡಿರಲಿಲ್ಲ. ಕೈ ಹೋದ ಮೇಲೆ ಮೊದಲ ಸಲ ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು.

ಕಂಪನಿ ಮೇಲಿನ ಕೋರ್ಟಿಗೆ ಹೋಯಿತು.

ಹೋದ ಮೇಲೆ ಅದೇ ಆಫೀಸರ್ ಮತ್ತೆ ಬಂದು ಅದೇ ಚಾಪೆಯ ಮೇಲೆ ಕೂತ. ಈ ಸಲ ವಕೀಲಮ್ಮನೂ ಇದ್ದಳು.

"ಕೆಳಗಿನ ಕೋರ್ಟು ಹೇಳಿದ್ದರ ಎರಡರಷ್ಟು ಕೊಡ್ತೀವಿ. ಈ ವಾರಾನೇ. ಕಂಪನಿಗೆ ದುಡ್ಡಿನ ಚಿಂತೆ ಇಲ್ಲಮ್ಮ. ಆ ತೀರ್ಪು ಮಾತ್ರ ಉಳೀಬಾರದು. ಅದನ್ನ ಅಳಿಸಿಹಾಕಿ ಅಂತ ಇಬ್ರೂ ಸೇರಿ ಕೇಳ್ಕೊಳೋಣ. ಧಣಿಗೆ ಗೊತ್ತಿಲ್ದಂಗೆ ಒಳಗೆ ಹೋಗಿದ್ದೆ, ಅಲ್ಲಿ ನಾನು ಕೆಲಸದವಳಲ್ಲ ಅಂತ ನೀವು ಒಂದು ಸಹಿ ಹಾಕಿದ್ರೆ ಸಾಕು. ಅಕ್ಕನ ಬಿಲ್ಲೇನೂ ಉಳಿಯುತ್ತೆ."

"ತೀರ್ಪು ಉಳಿದ್ರೆ ನಿಮಗೇನು ಸಾರ್?" ಕುಳ್ಳಿ ಕೇಳಿದಳು.

ಆಫೀಸರ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಿಮ್ಮಂಥ ಬದಲಿಯವರು ಎಲ್ಲಾ ಊರಲ್ಲೂ ಇದ್ದಾರಮ್ಮ. ಎಲ್ಲರಿಗೂ ಬಾಗಿಲು ತೆಗೆದಂಗಾಗುತ್ತೆ."

ಗಂಡ ಅವಳ ಮುಖ ನೋಡಿದ. "ತಗೋಳೇ. ದೇವರಾಣೆ ತಗೋ. ಮಗೂನ ಮುಖ ನೋಡು." ವಕೀಲಮ್ಮ ಕಣ್ಣು ತಗ್ಗಿಸಿ ಹೇಳಿದಳು, "ನಾನೂ ಅದನ್ನೇ ಹೇಳ್ತೀನಿ. ಮೇಲೆ ಏನಾಗುತ್ತೋ ಹೇಳೋಕಾಗಲ್ಲ. ಸೋತ್ರೆ ನಿಂಗೆ ಚಿಕ್ಕಾಸೂ ಸಿಗಲ್ಲ." ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣು ತಂಗಿಯನ್ನು ಬೇಡುತ್ತಿತ್ತು.

ಕುಳ್ಳಿಗೆ ಓದು ಬರಹ ಬರುತ್ತಿತ್ತು. ಬರೆಯುವ ಕೈ ಇರಲಿಲ್ಲ. ಆಫೀಸರ್ ಶಾಯಿಯ ಪೆಟ್ಟಿಗೆ ಬಿಚ್ಚಿ ಮುಂದಿಟ್ಟ. "ಎಡಗೈ ಹೆಬ್ಬೆಟ್ಟು ಸಾಕು."

ಅವಳು ಎಡಗೈ ಮುಷ್ಟಿ ಮಾಡಿದಳು. ತೊಡೆಯ ಅಡಿಗೆ ತುರುಕಿಕೊಂಡು ಅದರ ಮೇಲೆ ಕೂತಳು.

"ದುಡ್ಡು ಬೇಡ ಅನ್ನೋಷ್ಟು ಶ್ರೀಮಂತಳಲ್ಲ ಸಾರ್. ಬೇಕು. ಬಿಸಿನೀರು ಕಾಯಿಸ್ಕೊಳೋಕೂ ಇನ್ನೊಬ್ರನ್ನ ಕರೀಬೇಕು ನಾನು. ಮಗೂಗೆ ಜಡೆ ಹಾಕೋಕಾಗಲ್ಲ. ಆದ್ರೆ ಕೆಲಸ ಮಾಡಿಲ್ಲ ಅಂತ ಬರ್ಕೊಡಲ್ಲ. ಬೆಳಗಿಂದ ನಿಂತು ಮಾಡಿದ್ದೀನಿ. ಕಾಲು ಊದಿಸ್ಕೊಂಡು ಮಾಡಿದ್ದೀನಿ. ಜನರ ಹೇಲು ಉಚ್ಚೆ ತೊಳ್ದಿದ್ದೀನಿ. ಆಮೇಲೆ ಆ ಸೋಪಜ್ಜಿ ಮುಖ ನಾನು ಹೆಂಗ್ ನೋಡ್ಲಿ? ಎದ್ದು ಹೋಗಿ."

ಗಂಡ ಕೈಯಲ್ಲಿದ್ದ ನೀರಿನ ಲೋಟವನ್ನು ಗೋಡೆಗೆ ಎಸೆದ. ಆಫೀಸರ್ ಚಪ್ಪಲಿ ಹಾಕಿಕೊಂಡು ಹೋದ. ಅಕ್ಕ ಎದ್ದು ನೀರು ಒರೆಸಿದಳು. ಒರೆಸುತ್ತ ಒಂದೇ ಮಾತು ಅಂದಳು. "ನಿಂದು ಸರಿಯೇ ಕಣೇ. ಆದ್ರೆ ಸರಿಯಾಗಿರೋದಕ್ಕೆ ನಮ್ಮ ಹತ್ರ ಏನಿದೆ?"

ಮೇಲಿನ ಕೋರ್ಟಿನ ಹಾಲ್ ತಣ್ಣಗಿತ್ತು. ಕುಳ್ಳಿಯನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದರು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಕಂಪನಿಯ ದೊಡ್ಡ ವಕೀಲ ಉದಾಹರಣೆ ಕೊಟ್ಟ. "ಸ್ವಾಮಿ, ದಾರಿಯಲ್ಲಿ ನನ್ನ ಕಾರು ಕೆಟ್ಟು ನಿಂತಿದೆ. ಯಾರೋ ಪುಣ್ಯಾತ್ಮ ಬಂದು ನೂಕಿದ. ಅವನು ನನ್ನ ಡ್ರೈವರ್ ಆಗ್ತಾನೆಯೇ?" ಜಡ್ಜು ನಕ್ಕರು. "ನೂಕಿದವನಿಗೆ ಸಂಬಳ ಕೊಟ್ಟರೆ?" ಅಂತ ಕೇಳಿದರು. "ಟೀ ಕುಡಿಸಿದ್ದೆ ಸ್ವಾಮಿ" ಅಂದ ವಕೀಲ. ಹಾಲ್ ಪೂರ್ತಿ ನಕ್ಕಿತು. ಬಾಗಿಲ ಹತ್ತಿರ ನಿಂತಿದ್ದ ಜವಾನನೂ ನಕ್ಕ. ನಗು ತನಗೆ ಸಂಬಂಧಿಸಿದ್ದಲ್ಲ ಅಂದುಕೊಂಡು ಕುಳ್ಳಿ ಮೊದಲು ಸುಮ್ಮನಿದ್ದಳು. ಆ ಪುಣ್ಯಾತ್ಮ ತಾನೇ ಅಂತ ತಿಳಿಯುವ ಹೊತ್ತಿಗೆ ಮುಂದಿನ ಮಾತು ಶುರುವಾಗಿತ್ತು.

ತೀರ್ಪು ಬಂತು. ಕಂಪನಿಯ ಉತ್ತರದಲ್ಲಿ ಇದ್ದದ್ದೇ ಇತ್ತು, ಉದ್ದವಾಗಿ ಇತ್ತು. ಪಟ್ಟಿಯಲ್ಲಿ ಹೆಸರಿಲ್ಲದವರು ಕೆಲಸದವರಲ್ಲ. ಯಂತ್ರದ ಮುಂದೆ ನಿಂತವರು ಹೊರಗಿನವರಲ್ಲ. ಅಕ್ಕ ಕಟಕಟೆಯಲ್ಲಿ ಕಂಬಿ ಹಿಡಿದು ಹೇಳಿದ ನಿಜವನ್ನೇ ಎತ್ತಿ ಸಾಕ್ಷಿಯಾಗಿ ಬರೆದಿದ್ದರು: ಬಿಲ್ಲೆ ತಂಗಿಯದಲ್ಲವೆಂದು ಸ್ವತಃ ಅಕ್ಕನೇ ಒಪ್ಪಿದ್ದಾಳೆ. ಕೊನೆಯಲ್ಲಿ, ಈ ಹೆಣ್ಣುಮಗಳ ಬಗ್ಗೆ ನ್ಯಾಯಾಲಯಕ್ಕೆ ಮರುಕವಿದೆ, ಆದರೆ ಮರುಕದಿಂದ ಪಾಲಿಸಿಯ ಮಾತು ಬದಲಾಗದು ಅಂತ ಇತ್ತು.

"ಮರುಕ ಯಾವ ಪಾಲಿಸಿಲಿ ಬರುತ್ತಮ್ಮಾ?" ಅಂತ ಕುಳ್ಳಿ ವಕೀಲಮ್ಮನನ್ನು ಕೇಳಿದಳು. ವಕೀಲಮ್ಮ ಕರಿಕೋಟು ಬಿಚ್ಚಿ ಮಡಿಸಿದಳು. ಮತ್ತೆ ಬಿಡಿಸಿ ಮಡಿಸಿದಳು.

ಬಲ್ಲವರೆಲ್ಲ ಆ ತೀರ್ಪನ್ನು ಹೊಗಳಿದರು. ಬಹಳ ದಿನದಿಂದ ಇದ್ದ ಗೊಂದಲ ತೀರಿತಂತೆ. ಕಾನೂನು ಓದುವ ಹುಡುಗರಿಗೆ ಪಾಠವಾಯಿತಂತೆ. ಅದಕ್ಕೆ 'ಬದಲಿ ಕೇಸು' ಅಂತ ಹೆಸರು ಬಿತ್ತು. ಎಲ್ಲೋ ಗೋದಾಮಿನಲ್ಲಿ ಅಣ್ಣನ ಬದಲು ಮೂಟೆ ಹೊತ್ತು ಸೊಂಟ ಮುರಿದುಕೊಂಡವನನ್ನು 'ಬದಲಿ ಕೇಸು' ಅಂತ ಹೇಳಿ ವಾಪಸು ಕಳಿಸಿದರು. ಇನ್ನೆಲ್ಲೋ ಗಂಡನ ಬದಲು ಕಾವಲಿಗೆ ನಿಂತು ಸತ್ತವಳ ಮಕ್ಕಳನ್ನೂ ಹಾಗೇ ಕಳಿಸಿದರು. ಸೋಪಜ್ಜಿಯ ಅರ್ಜಿಯನ್ನು ಬಾಗಿಲಲ್ಲೇ ನಿಲ್ಲಿಸಿದರು. ಕಂಪನಿಯವರು ಎರಡರಷ್ಟು ದುಡ್ಡು ಕೊಡಲು ಬಂದಾಗ ಅವರಿಗೂ ಸೋಲಿನ ಭಯವಿತ್ತು. ಕುಳ್ಳಿ ಮುಷ್ಟಿ ಬಿಗಿದು ಕೂತದ್ದು ಇವರೆಲ್ಲರಿಗಾಗಿ. ಆ ಮುಷ್ಟಿಯ ಏಟು ಇವರೆಲ್ಲರ ಬೆನ್ನಿಗೇ ಬಿತ್ತು. ಇದನ್ನು ವಿಧಿ ಅನ್ನಬೇಡಿ. ವಿಧಿಗೆ ವಕೀಲರಿರುವುದಿಲ್ಲ.

ಎಲ್ಲರಿಗಿಂತ ಚೆನ್ನಾಗಿ ತೀರ್ಪು ಅರ್ಥವಾದದ್ದು ಧಣಿಗೆ. ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಹೊಣೆ ತಾನೇ? ಹಾಗಾದರೆ ಪಟ್ಟಿ ಯಾಕೆ ಬೇಕು? ಒಂದು ಸೋಮವಾರ ಬೆಳಿಗ್ಗೆ ಮೇಸ್ತ್ರಿ ಗೇಟಿನಲ್ಲಿ ಬಕೀಟು ಹಿಡಿದು ನಿಂತ. ಎಲ್ಲರೂ ಬಿಲ್ಲೆ ಬಿಚ್ಚಿ ಬಕೀಟಿಗೆ ಹಾಕಿ ಒಳಗೆ ಹೋಗಬೇಕು. ಹಾಕದವರು ಮನೆಗೆ ಹೋಗಬಹುದು. ಕೇಸು ನಡೆಯುವಷ್ಟು ದಿನ ಧಣಿ ಮುಟ್ಟದೆ ಬಿಟ್ಟಿದ್ದ ತನ್ನ ಬಿಲ್ಲೆಯನ್ನು ಅಕ್ಕನೂ ಹಾಕಿದಳು. ಅಂದಿನಿಂದ ಲಾಂಡ್ರಿಯಲ್ಲಿ ಬಿಲ್ಲೆಯವರು ಅಂತ ಯಾರೂ ಇಲ್ಲ. ಎಲ್ಲರೂ ಬದಲಿಗಳೇ. ಯಾರ ಬದಲಿ ಅಂತ ಕೇಳಿದರೆ ಹೇಳುವವರಿಲ್ಲ.

ಮರುದಿನ ಗೇಟಿನ ಮೇಲೆ ಹೊಸ ಬೋರ್ಡು ಬಂತು. ಸುದ್ದಿ ಕೇಳಿ ಕುಳ್ಳಿ ಮುಖವನ್ನೂ ತೊಳೆಯದೆ ಹೊರಟಳು. ಅವಳು ಹೋಗುವ ಹೊತ್ತಿಗೆ ಹೆಂಗಸರು ಸಾಲುಗಟ್ಟಿದ್ದರು. ಅವಳು ಸಾಲು ದಾಟಿ ಹೋಗಿ ಗೇಟಿನ ನಡುವೆ ನಿಂತಳು. ಎಡಗೈಯಲ್ಲಿ ಒಂದು ಕಡೆಯ ಕಂಬ ಹಿಡಿದಳು. ಕೈಯಿಲ್ಲದ ತೋಳನ್ನು ಇನ್ನೊಂದು ಕಡೆಗೆ ಚಾಚಿದಳು. ಅದು ಕಂಬದವರೆಗೆ ಮುಟ್ಟಲಿಲ್ಲ.

"ಇವತ್ತೊಂದಿನ ಯಾರೂ ಒಳಗೆ ಹೋಗ್ಬೇಡಿ" ಅಂದಳು. "ಒಂದೇ ದಿನ. ಶೀಟಿಲ್ದೆ ಆಸ್ಪತ್ರೆಯವರು ಬಾಯಿ ಬಡ್ಕೊಳ್ಳಲಿ. ಇವರೇ ಬಂದು ಬಿಲ್ಲೆ ಕೊಡ್ತಾರೆ."

ಸಾಲು ಅಲುಗಲಿಲ್ಲ. ಮೇಸ್ತ್ರಿ ಒಳಗೆ ನಿಂತು ಹಲ್ಲುಕಡ್ಡಿ ಆಡಿಸುತ್ತಿದ್ದ. ಅವಸರ ಮಾಡಲಿಲ್ಲ.

ಸೋಪಜ್ಜಿ ಮುಂದೆ ಬಂದಳು. ಕಣ್ಣು ಕಿರಿದು ಮಾಡಿ ಬೋರ್ಡಿನ ಕಡೆ ನೋಡಿದಳು. "ಅದರಲ್ಲಿ ಏನು ಬರ್ದಿದ್ದಾರೆ? ಓದೇ."

ಕುಳ್ಳಿ ತಲೆಯೆತ್ತಿ ಗಟ್ಟಿಯಾಗಿ ಓದಿದಳು. "ಒಳಗೆ ಬರುವವರು ತಮ್ಮ ಸ್ವಂತ ಹೊಣೆಯ ಮೇಲೆ ಬರತಕ್ಕದ್ದು. ಕೈ ಕಾಲು ಪ್ರಾಣಕ್ಕೆ ಆಗುವ ಹಾನಿಗೆ ಮಾಲೀಕರಾಗಲಿ ವಿಮಾ ಕಂಪನಿಯಾಗಲಿ ಜವಾಬ್ದಾರರಲ್ಲ. ಬದಲಿ ಕೇಸಿನ ತೀರ್ಪಿನಂತೆ."

"ಬದಲಿ ಕೇಸು ಅಂದ್ರೆ?"

"ನಂದೇ ಅಜ್ಜಿ."

ಸೋಪಜ್ಜಿ ತಿರುಗಿ ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತಳು. ಬಯ್ದಿದ್ದರೆ ಕುಳ್ಳಿಗೆ ಎಷ್ಟೋ ಹಗುರಾಗುತ್ತಿತ್ತು. ಸಾಲಿನ ಹಿಂದಿನಿಂದ ಯಾರೋ ಕೆಮ್ಮಿದರು. ಒಳಗೆ ಬಾಯ್ಲರ್ ಕೂಗಿತು. ಅದು ಕೂಗಿದ ಮೇಲೆ ಬಂದವರಿಗೆ ಅರ್ಧ ದಿನದ ಕೂಲಿ ಇಲ್ಲ.

ಆಗ ಅಕ್ಕ ಸಾಲಿನಿಂದ ಹೊರಗೆ ಬಂದಳು. ತಂಗಿಯ ಎದುರು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ಓದಿದ್ದಾಯ್ತಲ್ಲ. ದಾರಿ ಬಿಡೇ."

ಕುಳ್ಳಿ ಬಿಡಲಿಲ್ಲ. ತೋಳನ್ನು ಇನ್ನಷ್ಟು ಚಾಚಿದಳು.

ಅಕ್ಕ ಬಗ್ಗಿದಳು. ಆ ತೋಳಿನ ಕೆಳಗೆ, ಕೈ ಇರಬೇಕಾಗಿದ್ದ ಜಾಗದಲ್ಲಿ ನುಸುಳಿ ಒಳಗೆ ಹೋದಳು. ಅವಳ ಹಿಂದೆ ಸೋಪಜ್ಜಿ ಬಗ್ಗಿದಳು. ಅವಳ ಹಿಂದೆ ಇನ್ನೊಬ್ಬಳು. ಯಾರೂ ಕುಳ್ಳಿಯನ್ನು ನೂಕಲಿಲ್ಲ, ಯಾರೂ ಅವಳ ಮುಖ ನೋಡಲಿಲ್ಲ. ಒಬ್ಬೊಬ್ಬರಾಗಿ ತಲೆ ಬಗ್ಗಿಸಿಕೊಂಡು ಸಾಲು ಪೂರ್ತಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ರೋಲರ್ ತಿರುಗುವ ಸದ್ದು ಬಂತು.

ಕುಳ್ಳಿ ತೋಳು ಇಳಿಸಲಿಲ್ಲ. ಬೀದಿ ಖಾಲಿಯಾಗಿತ್ತು. ತಡೆಯುವುದಕ್ಕೆ ಅಲ್ಲಿ ಇನ್ನು ಯಾರೂ ಉಳಿದಿರಲಿಲ್ಲ.